ನಲವತ್ತೊಂದು ಸಹಿ, ಒಂದು ಆಕ್ಷೇಪಣೆ

ಬಸ್ ಚೌಕಿಯ ಗೋಡೆಯ ಮೇಲೆ ಹಳದಿ ಗೆರೆ ಬಿದ್ದ ದಿನದಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅದಕ್ಕೂ ಮೊದಲು ಆಗುತ್ತಿತ್ತೆಂದೇನೂ ಅಲ್ಲ. ಫೋರ್ಟಿನ ಒಬ್ಬ ವಕೀಲರ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟೈಪಿಸ್ಟಾಗಿ ಕೂತವಳು ನಾನು. ನಿವೃತ್ತಿಯಾದ ಮೇಲೆ ಮನೆಯ ಕುರ್ಚಿ ಮೈಗೆ ಹಿಡಿಸಲೇ ಇಲ್ಲ. ಬೆಳಿಗ್ಗೆ ಏಳಕ್ಕೆ ಚೀಲ ಹಿಡಿದು ಹೊರಬಿದ್ದರೆ ಮಾತ್ರ ಸಮಾಧಾನ. ತರಕಾರಿಗೆಂದು ಬೈಕುಲ್ಲಾ ಮಾರ್ಕೆಟಿಗೆ ಹೋಗುತ್ತಿದ್ದೆ. ಆಂಟಾಪ್ ಹಿಲ್‌ನಲ್ಲಿ, ನಮ್ಮ ಬಿಲ್ಡಿಂಗಿನ ಗೇಟಿನೆದುರೇ ಅದಕ್ಕಿಂತ ಒಳ್ಳೆಯ ತರಕಾರಿ ಬರುತ್ತದೆ ಎಂದು ನಮ್ಮವರು ದಿನಾ ಹೇಳುತ್ತಿದ್ದರು. ಬರುತ್ತದೆ, ನನಗೂ ಗೊತ್ತು. ನನಗೆ ಬೇಕಾಗಿದ್ದದ್ದು ತರಕಾರಿಯಲ್ಲ, ಬಸ್ಸು.

ಚೌಕಿ ಎಂದರೆ ದೊಡ್ಡದೇನಲ್ಲ. ನಮ್ಮ ಕಾಲೊನಿಯ ಹಿಂದೆ ಬಸ್ಸುಗಳು ತಿರುಗಿ ನಿಲ್ಲುವ ಒಂದು ಬಯಲು, ಬದಿಯಲ್ಲಿ ತಗಡಿನ ಕೋಣೆ, ಅದರೊಳಗೆ ಬಸ್ಸು ಬಿಡುವ ಹೊತ್ತನ್ನು ಬರೆದುಕೊಳ್ಳುವ ಸ್ಟಾರ್ಟರು. ಬಸ್ಸು ಅಲ್ಲಿಂದಲೇ ಹೊರಡುವುದರಿಂದ ನಮ್ಮಲ್ಲಿ ಹತ್ತಿದವರಿಗೆಲ್ಲ ಸೀಟು ಸಿಗುತ್ತಿತ್ತು. ಮುಂಬಯಿಯಲ್ಲಿ ಕೂತು ಕೆಲಸಕ್ಕೆ ಹೋಗುವುದು ಎಂದರೆ ಏನೆಂದು ಇಲ್ಲಿ ಬದುಕಿದವರಿಗೆ ಹೇಳಬೇಕಾಗಿಲ್ಲ. ಆ ಸೀಟಿನ ಆಸೆಗೇ ಈ ಕಾಲೊನಿಯಲ್ಲಿ ಮನೆ ಹಿಡಿದವರಿದ್ದಾರೆ. ನಾವೂ ಅವರಲ್ಲೊಬ್ಬರು.

ಗೆರೆ ಎಳೆದವರು ಇಬ್ಬರು. ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಗೋಡೆಗೆ ಬಣ್ಣ ಬಳಿದು ಹೋದರು. ಸ್ಟಾರ್ಟರನ್ನು ಕೇಳಿದೆ. ಪೂರ್ವದ ಉಪನಗರಗಳಿಂದ ಫೋರ್ಟಿನವರೆಗೆ ಕಂಬಗಳ ಮೇಲೆ ಒಂದು ಹೈವೇ ಬರುತ್ತದಂತೆ, ಅದರ ಒಂದು ಇಳಿಜಾರು ಸರಿಯಾಗಿ ಈ ಚೌಕಿಯ ಮೇಲೇ ಇಳಿಯುತ್ತದಂತೆ. ಹಾಗಾದರೆ ಬಸ್ಸು? ಅವನು ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿದ. ಎಲ್ಲಿಯೋ ಹಿಂದೆ, ಇನ್ನೆಲ್ಲಿಂದಲೋ ಎಂದರ್ಥ.

ವಾರದೊಳಗೆ ನೋಟಿಸು ಬಂತು, ನಮ್ಮ ಬಿಲ್ಡಿಂಗಿನ ಬೋರ್ಡಿಗೂ ಅಂಟಿತು. ಖರ್ಚನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಹಾಕಿದ್ದರು. ಸೊನ್ನೆ ಹೊಡೆದು ಹೊಡೆದು ಪಳಗಿದ ನನಗೇ ಬೆರಳಿಟ್ಟು ಎರಡು ಸಲ ಓದಬೇಕಾಯಿತು. ಓದುತ್ತಿದ್ದ ಹಾಗೆ ಮೈ ಉರಿಯಿತು. ಚೌಕಿಯಲ್ಲಿ ಬಸ್ಸು ಕೆಟ್ಟು ನಿಂತರೆ ಬದಲಿ ಬಸ್ಸಿಲ್ಲ, ಇದ್ದ ಬಸ್ಸುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಲೇ ಇವೆ, ಸ್ಟೇಷನ್ನಿಗೆ ನಡೆದು ಹೋಗುವ ಫುಟ್‌ಪಾತಿನಲ್ಲಿ ಕಲ್ಲು ಎದ್ದು ಎಷ್ಟು ಮಳೆಗಾಲವಾಯಿತೋ ಲೆಕ್ಕವಿಲ್ಲ. ಅದಕ್ಕೆಲ್ಲ ಇಲ್ಲದ ದುಡ್ಡು ಆಕಾಶದಲ್ಲಿ ಕಾರು ಓಡಿಸಲು ಉಂಟಂತೆ. ನೋಟಿಸಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಸಾರ್ವಜನಿಕರು ಆಕ್ಷೇಪಣೆ ಮತ್ತು ಸಲಹೆಗಳನ್ನು ಲಿಖಿತವಾಗಿ ಸಲ್ಲಿಸಬಹುದು ಎಂದಿತ್ತು.

ಆ ಸಂಜೆ ನಮ್ಮವರು ಪತ್ರಿಕೆಯಿಂದ ತಲೆಯೆತ್ತದೆ ಹೇಳಿದರು. ಮನೆಯಲ್ಲಿ ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ನಮ್ಮೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹದಿನೈದೇ ನಿಮಿಷದಲ್ಲಿ ಫೋರ್ಟಿಗೆ ಮುಟ್ಟಬಹುದಂತೆ."

"ಯಾವುದರಲ್ಲಿ?"

"ಕಾರಲ್ಲಿ."

"ಯಾರ ಕಾರಲ್ಲಿ?"

ಅವರು ಪತ್ರಿಕೆ ಮಗುಚಿದರು. ನಮಗೆ ಕಾರಿಲ್ಲ, ಇದ್ದದ್ದೂ ಇಲ್ಲ. ಇವರು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿ ಕೂತು ಕೂದಲು ನೆರೆಸಿದವರು. ಹೋಟೆಲಿನವರಿಗೆ ಎದುರು ನಿಂತವರಿಗೆ ಇಲ್ಲ ಎನ್ನಲು ಬರುವುದಿಲ್ಲ. ಮನೆಯಲ್ಲಿ ಮಾತ್ರ ಚೆನ್ನಾಗಿ ಬರುತ್ತದೆ. ಆದರೆ ಹಿಂದಿನ ಮಳೆಗಾಲ ಎದೆನೋವು ಬಂದು ಆಸ್ಪತ್ರೆಗೆ ಸೇರಿ ಬಂದ ಮೇಲೆ ಇವರು ವಾದ ಬೆಳೆಸುವುದನ್ನು ಬಿಟ್ಟಿದ್ದರು. ಬೆಳೆಸಲು ನನಗೂ ಧೈರ್ಯವಿರಲಿಲ್ಲ. ನಾನು ಎದ್ದು ಅಟ್ಟದಿಂದ ಹಳೆಯ ಟೈಪ್‌ರೈಟರು ಇಳಿಸಿದೆ. ಕಂಪ್ಯೂಟರು ಗೊತ್ತಿಲ್ಲದೆ ಅಲ್ಲ, ಸಿಟ್ಟು ಬಂದಾಗ ಬೆರಳಿಗೆ ಗಟ್ಟಿ ಕೀಲಿ ಬೇಕಾಗುತ್ತದೆ.

ಈಗ ರೊಟ್ಟಿಯವಳ ವಿಷಯ ಹೇಳಬೇಕು. ಬಸ್ಸಿನಲ್ಲಿ ನಾವೆಲ್ಲ ಅವಳನ್ನು ಹಾಗೆಯೇ ಕರೆಯುವುದು. ವಿಜಾಪುರದ ಕಡೆಯವಳು, ವಯಸ್ಸು ನಲವತ್ತರ ಮೇಲೆ. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಕೈ ಕಳೆದುಕೊಂಡ ಮೇಲೆ ಮನೆ ನಡೆಯುವುದು ಅವಳ ಜೋಳದ ರೊಟ್ಟಿಯಿಂದ. ಕಾಲೊನಿಯ ಆಚೆಯ ಚಾಳಿನಲ್ಲಿ ನಸುಕಿಗೇ ಎದ್ದು ರೊಟ್ಟಿ ಬಡಿಯುತ್ತಾಳೆ. ಹಿಂದಿನ ದಿನ ಬಡಿದು ಒಣಗಿಸಿದ ಕಡಕ್ ರೊಟ್ಟಿಯನ್ನು ಅಗಲದ ಬುಟ್ಟಿಯಲ್ಲಿ ಪೇರಿಸಿ, ಮೇಲೆ ಬಿಸಿ ರೊಟ್ಟಿಯ ಗಂಟು ಇಟ್ಟು, ಬಿಳಿ ಬಟ್ಟೆ ಮುಚ್ಚಿ ಏಳೂಕಾಲಿನ ಬಸ್ಸಿಗೆ ಬರುತ್ತಾಳೆ. ಬೈಕುಲ್ಲಾದಲ್ಲಿ ಒಂದು ಖಾನಾವಳಿ ಇದೆ. ಮಾರ್ಕೆಟಿನ ಹಮಾಲರು, ಗೌಂಡಿಗಳು, ಎಲ್ಲ ಅವಳ ಕಡೆಯವರು, ಮಧ್ಯಾಹ್ನ ಉಣ್ಣುವುದು ಆ ರೊಟ್ಟಿಯನ್ನೇ.

ಚೌಕಿಯಲ್ಲಿ ಅವಳಿಗೊಂದು ಸಲಿಗೆ ಇತ್ತು. ಬಸ್ಸು ಖಾಲಿ ಇರುವಾಗಲೇ ಡ್ರೈವರು ಅವಳಿಗೆ ಮುಂದಿನ ಬಾಗಿಲು ತೆರೆಯುತ್ತಿದ್ದ. ಮುಂದಿನ ಜೋಡಿ ಸೀಟಿನ ಕಿಟಕಿಯ ಬದಿಗೆ ಬುಟ್ಟಿ, ಈ ಬದಿಗೆ ಅವಳು. ಆ ಬುಟ್ಟಿಗೆ ಯಾರೂ ಮೊಣಕೈ ತಗುಲಿಸುತ್ತಿರಲಿಲ್ಲ. ನಿಂತವರು ಬ್ರೇಕು ಬಿದ್ದಾಗ ಅವಳ ಕಡೆ ವಾಲದೆ ಆಚೆ ವಾಲುತ್ತಿದ್ದರು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಆ ಬಸ್ಸಿನ ರೂಢಿ.

ನಾನು ಕರಾವಳಿಯವಳು, ಕುಚ್ಚಲಕ್ಕಿ ಉಂಡು ಬೆಳೆದವಳು. ರೊಟ್ಟಿ ಒಣಗಿದ ಮೇಲೆ ಅದನ್ನೇಕೆ ಇಷ್ಟು ಮುದ್ದು ಮಾಡಬೇಕೆಂದು ಮೊದಲು ತಮಾಷೆ ಮಾಡುತ್ತಿದ್ದೆ. ಒಂದು ದಿನ ಅವಳು ಬಟ್ಟೆ ಸರಿಸಿ ಒಂದು ರೊಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಹಪ್ಪಳಕ್ಕಿಂತ ದಪ್ಪ, ಆದರೆ ಹಪ್ಪಳದಷ್ಟೇ ಹಟಮಾರಿ. ಹಿಡಿದ ಕೈಯ ಬಿಗಿಗೇ ಎರಡಾಯಿತು. "ಇರ್ಲಿ ಬಿಡ್ರಿ ಅಕ್ಕಾರ, ಈಗ ತಿಳೀತಲ್ಲ," ಎಂದು ಚೂರನ್ನು ಶೇಂಗಾ ಚಟ್ನಿಯ ಜತೆ ಅಲ್ಲೇ ತಿನ್ನಿಸಿದಳು.

ಹಳದಿ ಗೆರೆಯ ವಿಷಯ ತಿಳಿದ ದಿನ ಅವಳು ಬೈಕುಲ್ಲಾ ಬರುವವರೆಗೆ ಬುಟ್ಟಿಯ ಅಂಚನ್ನು ಹಿಡಿದುಕೊಂಡೇ ಇದ್ದಳು. ಬಸ್ಸು ಬೇರೆಲ್ಲಿಂದಲೋ ತುಂಬಿಕೊಂಡು ಬಂದರೆ ಅವಳಿಗೆ ಸೀಟಿಲ್ಲ. ಸೀಟಿಲ್ಲದಿದ್ದರೆ ರೊಟ್ಟಿ ಇಲ್ಲ. ಇದನ್ನು ಲೆಕ್ಕ ಹಾಕಲು ಇಬ್ಬರಿಗೂ ಹೊತ್ತು ಬೇಕಾಗಲಿಲ್ಲ.

ನಾನು ಆಕ್ಷೇಪಣೆ ಬರೆದೆ. ಇಂಗ್ಲಿಷಿನಲ್ಲಿ, ಎರಡು ಪುಟ, ನಾಲ್ಕು ಅಂಶ. ಒಂದು, ಈ ಖರ್ಚಿನಿಂದ ಪ್ರಯೋಜನವಾಗುವುದು ಕಾರಿರುವವರಿಗೆ, ನಗರದ ಹೆಚ್ಚಿನವರು ಬಸ್ಸು ರೈಲುಗಳವರು. ಎರಡು, ಅದೇ ಹಣದ ಸಣ್ಣ ಪಾಲಿನಿಂದ ಬಸ್ಸುಗಳನ್ನು ಹೆಚ್ಚಿಸಬಹುದು. ಮೂರು, ಈಗಿರುವ ರಸ್ತೆಯಲ್ಲೇ ಬಸ್ಸಿಗೆ ಪ್ರತ್ಯೇಕ ಪಥ ಬಿಡಬಹುದು. ನಾಲ್ಕು, ಸ್ಟೇಷನ್ನಿಗೆ ಹೋಗುವ ಫುಟ್‌ಪಾತನ್ನು ಸರಿಪಡಿಸಬಹುದು. ನಮ್ಮ ಸಾಹೇಬರು ಬದುಕಿದ್ದರೆ ಒಂದು ಅಲ್ಪವಿರಾಮವನ್ನೂ ಬದಲಿಸುತ್ತಿರಲಿಲ್ಲ. ಅವರ ಕಚೇರಿಯಲ್ಲಿ ಕಲಿತ ಒಂದೇ ಪಾಠ, ಮೂಲಪ್ರತಿಗೂ ನಕಲಿಗೂ ಒಂದು ಚುಕ್ಕಿಯ ವ್ಯತ್ಯಾಸ ಇರಕೂಡದು. ವ್ಯತ್ಯಾಸ ಕಂಡರೆ ಎದುರು ಪಕ್ಷದವರು ಅಲ್ಲೇ ಬೆರಳು ಹಾಕುತ್ತಾರೆ. ನಾನು ಅದನ್ನು ಮೂವತ್ತು ವರ್ಷ ಪಾಲಿಸಿದ್ದೆ.

ಹೆಸರು ವಿಳಾಸಕ್ಕೆ ಜಾಗ ಬಿಟ್ಟು ಝೆರಾಕ್ಸ್ ಮಾಡಿಸಿ, ಒಂದು ವಾರ ಬೆಳಿಗ್ಗೆ ಸಂಜೆ ಚೌಕಿಯಲ್ಲಿ ನಿಂತೆ. ಕಾಲು ನೋಯುತ್ತಿತ್ತು, ಆದರೆ ಮನಸ್ಸಿಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಎಷ್ಟೋ ಕಾಲದ ಮೇಲೆ ಯಾರೋ ನನ್ನ ಕಾಗದಕ್ಕಾಗಿ ಸಾಲು ನಿಂತಿದ್ದರು.

ರೊಟ್ಟಿಯವಳು ಸಹಿ ಹಾಕುವ ಮೊದಲು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದರಾಗ ಏನೇನ್ ಬರ್ದೀರಿ, ಅಕ್ಕಾರ?"

ನಾಲ್ಕು ಅಂಶ ಹೇಳಿದೆ.

"ಬರೋಬರಿ ಅದ. ನನ್ನ ರೊಟ್ಟೀದೂ ಒಂದ್ ಮಾತ್ ಬರೀರಲ್ಲ."

"ಅರ್ಜಿಯಲ್ಲಿ ರೊಟ್ಟಿ ಎಲ್ಲ ಬರೆಯುವುದಿಲ್ಲ ಮಾರಾಯ್ತಿ. ಅದಕ್ಕೊಂದು ಕ್ರಮ ಉಂಟು. ಒಬ್ಬೊಬ್ಬರ ಮನೆಯ ಕತೆ ಹಾಕಿದರೆ ಆಫೀಸಿನವರು ನಗಾಡ್ತಾರೆ."

"ನೀವು ಕಲ್ತವ್ರು, ನಿಮಗ ತಿಳೀತದ," ಎಂದು ಬಸ್ಸಿನ ಗಾಜಿಗೆ ಕಾಗದ ಒತ್ತಿ ಹಿಡಿದು ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿದಳು. ನಲವತ್ತೊಂದನೆಯ ಸಹಿ ಅವಳದು. ಅಷ್ಟನ್ನೂ ಅಂಚು ಸರಿ ಮಾಡಿ, ದಾರ ಪೋಣಿಸಿ, ಕೊನೆಯ ದಿನಕ್ಕಿಂತ ಎರಡು ದಿನ ಮೊದಲೇ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಅಂಥ ನಿದ್ದೆ ಬಂದಿಲ್ಲ.

ವಿಚಾರಣೆ ಇದ್ದದ್ದು ವಾರ್ಡ್ ಆಫೀಸಿನ ಮೇಲಿನ ಹಾಲಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ನಾನು ಹತ್ತೂಕಾಲಿಗೇ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿಗಳು, ಕೀರಲು ಮೈಕು, ಗೋಡೆಗೆ ಒಂದು ದೊಡ್ಡ ನಕಾಶೆ. ಹೈವೇ ಅದರಲ್ಲಿ ದಪ್ಪ ಕೆಂಪು ಗೆರೆ. ನಮ್ಮ ಚೌಕಿ ಇರಬೇಕಾದ ಜಾಗದಲ್ಲಿ ಇಳಿಜಾರು ಎಂದು ಮಾತ್ರ ಬರೆದಿತ್ತು. ಬಾಗಿಲಿನ ಬದಿಗೆ, ಬಂದ ಆಕ್ಷೇಪಣೆ ಸಲಹೆಗಳ ಪಟ್ಟಿ ಅಂಟಿಸಿದ್ದರು. ಕನ್ನಡಕ ಒರೆಸಿಕೊಂಡು ನಮ್ಮದನ್ನು ಹುಡುಕಿದೆ. ನಲವತ್ತೊಂದು ಸಾಲು ಇರಬೇಕಲ್ಲ, ಕಣ್ಣಿಗೆ ಬೀಳಲೇ ಇಲ್ಲ. ಕೊನೆಗೆ ಸಿಕ್ಕಿತು. ಒಂದೇ ಸಾಲು. ಒಂದೇ ಒಕ್ಕಣೆ, ನಲವತ್ತೊಂದು ಪ್ರತಿ, ಒಂದು ಆಕ್ಷೇಪಣೆ ಎಂದು ಪರಿಗಣಿಸಲಾಗಿದೆ.

ಅಲ್ಲಿದ್ದ ಅಧಿಕಾರಿ ನನ್ನ ಮಗನ ಪ್ರಾಯದವನು, ಮಾತು ಮೆತ್ತಗೆ. "ಮಾವ್ಶಿ, ಮಜಕೂರ್ ಏಕಚ್ ಆಹೆ," ಒಕ್ಕಣೆ ಒಂದೇ ಇದೆಯಲ್ಲ ಎಂದ. ಒಕ್ಕಣೆ ಒಂದೇ ಆದರೆ ಅಭಿಪ್ರಾಯವೂ ಒಂದೇ ಎಂದು ನಿಯಮವಂತೆ. ಬೇರೆ ಬೇರೆಯಾಗಿ ಬರೆದಿದ್ದರೆ ಬೇರೆ ಬೇರೆಯಾಗಿ ಎಣಿಸುತ್ತಿದ್ದರಂತೆ. ಅವನ ಮೇಲೆ ರೇಗುವುದು ಹೇಗೆ? ಒಂದು ಚುಕ್ಕಿಯ ವ್ಯತ್ಯಾಸವಿಲ್ಲದ ನಕಲು ತೆಗೆದವಳು ನಾನೇ. ಸರಿಯಾದ ಅರ್ಜಿ ಬರೆಯುವ ಚಟದಲ್ಲಿ ನಲವತ್ತೊಂದು ಜನರ ಬಾಯಿಯನ್ನು ನಾನೇ ಒಂದಾಗಿ ಹೊಲಿದು ಕೊಟ್ಟಿದ್ದೆ.

ಕಣ್ಣು ಪಟ್ಟಿಯಲ್ಲೇ ಕೆಳಗಿಳಿಯಿತು. ಹೈವೇ ಬೇಕೆಂದವರದು ಉದ್ದ ಪಟ್ಟಿ, ಪ್ರತಿಯೊಂದಕ್ಕೂ ಬೇರೆ ಸಂಖ್ಯೆ. ಎರಡು ಕಾರಿರುವ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ನನಗಿಂತ ಬುದ್ಧಿವಂತ. ಮನೆಮನೆಗೆ ಹೋಗಿ, ನಿಮ್ಮ ಕೈಯಲ್ಲೇ ನಿಮಗೆ ತೋಚಿದ್ದನ್ನು ಬರೆಯಿರಿ ಎಂದು ಹೇಳಿದ್ದನಂತೆ. ಆ ಪಟ್ಟಿಯ ಮಧ್ಯದಲ್ಲಿ ನಮ್ಮ ಮನೆಯ ನಂಬರಿತ್ತು. ಎದುರಿಗೆ ನಮ್ಮವರ ಹೆಸರು. ಪಕ್ಕದ ಕಾಲಮ್ಮಿನಲ್ಲಿ ಮರಾಠಿಯಲ್ಲಿ ಸಾರಾಂಶ: ಹೃದಯರೋಗಿ. ಮಳೆಯಲ್ಲಿ ಟ್ಯಾಕ್ಸಿ ಮುಂದೆ ಹೋಗದೆ ನಿಂತದ್ದು. ಹೆಂಡತಿ ಹೆದರಿದ್ದು. ರಸ್ತೆ ಬೇಕು.

ಹೆಂಡತಿ ಹೆದರಿದ್ದು. ನಾನು ಹೆದರಲಿಲ್ಲವೆಂದು ಇವರು ತಿಳಿದಿದ್ದಾರೆ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಆ ದಿನ ಟ್ಯಾಕ್ಸಿಯಲ್ಲಿ, ಮುಂದೆ ಹಿಂದೆ ಕಾರುಗಳು ಮುಚ್ಚಿಕೊಂಡು ನಿಂತಿದ್ದಾಗ, ಇವರ ಕೈ ಹಿಡಿದುಕೊಂಡು ಹೊಸ ಪರದೆಯ ಬಣ್ಣದ ಬಗ್ಗೆ ಏನೇನೋ ಒದರುತ್ತಿದ್ದೆ. ಇವರು ಕಣ್ಣು ಮುಚ್ಚಿದ್ದರು. ಕಣ್ಣು ಮುಚ್ಚಿಯೇ ಎಲ್ಲ ನೋಡಿದ್ದರು ಎಂದಾಯಿತು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಯಾವುದು ಮೊದಲು ಬಂತೆಂದು ಈಗಲೂ ಹೇಳಲಾರೆ. ಗೋಡೆಯ ಮೇಲೆ ನಮ್ಮ ಮನೆಯ ಭಯವನ್ನು ಊರವರೆಲ್ಲ ಓದುತ್ತಿದ್ದರು. ಅದಕ್ಕೊಂದು ಸಂಖ್ಯೆಯೂ ಇತ್ತು.

ಅಷ್ಟರಲ್ಲಿ ರೊಟ್ಟಿಯವಳು ಬಂದಳು. ರೊಟ್ಟಿ ಕೊಟ್ಟು, ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಬೆವರುತ್ತ. ಬಾಗಿಲಲ್ಲೇ ಅವಳಿಗೆ ಎಲ್ಲ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಅವಳು ಪಟ್ಟಿಯನ್ನೊಮ್ಮೆ ನೋಡಿ, "ಹೋಗ್ಲಿ ಬಿಡ್ರಿ," ಎಂದಳು. ಆದರೆ ಹೋಗಲಿ ಬಿಡು ಎನ್ನುವ ಮುಖವಲ್ಲ ಅದು.

ನಾನು ಮತ್ತೆ ಅಧಿಕಾರಿಯ ಮೇಜಿಗೆ ಹೋದೆ. "ನಮ್ಮ ಕಟ್ಟಿನಿಂದ ಒಂದು ಪ್ರತಿ ಹಿಂದಕ್ಕೆ ಕೊಡಿ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಲವತ್ತೊಂದಾದರೂ ಒಂದೇ, ನಲವತ್ತಾದರೂ ಒಂದೇ, ಅಲ್ಲವೇ? ಹಾಗಾದರೆ ಒಂದನ್ನು ತೆಗೆಯಿರಿ, ಆ ಹೆಂಗಸು ತನ್ನದನ್ನು ತಾನೇ ಹೇಳಲಿ ಎಂದೆ. ಅವನು ತಲೆ ಕೆರೆದುಕೊಂಡು ಮೇಲಿನವರ ಹತ್ತಿರ ಪಿಸುಗುಟ್ಟಿ ಬಂದ. ಕೊನೆಗೆ, ಬಾಯಲ್ಲಿ ಹೇಳಲಿ, ಯಾರಾದರೂ ಬರೆದು ಕೊಡಲಿ, ಮೂರು ನಿಮಿಷ ಎಂದ. ಬರೆದುಕೊಳ್ಳಲು ನಾನೇ ಕೂತೆ.

ಅವಳು ಮರಾಠಿಯಲ್ಲಿ ಶುರು ಮಾಡಿ, ಹಿಂದಿಗೆ ಹಾರಿ, ಬಿಸಿಯೇರಿದಲ್ಲೆಲ್ಲ ಕನ್ನಡಕ್ಕೆ ಇಳಿದಳು. ಇಲ್ಲಿ ಎಲ್ಲವನ್ನೂ ಅವಳ ಕನ್ನಡದಲ್ಲೇ ಕೊಡುತ್ತಿದ್ದೇನೆ.

"ಸಾಹೇಬ್ರ, ನಾ ರೊಟ್ಟಿ ಮಾಡಾಕಿ. ಕಡಕ್ ರೊಟ್ಟಿ. ಒಂದೀಟು ಒತ್ತಿದ್ರ ಚೂರ್ ಆಗ್ತಾವ. ಒಂದ್ ಸರ್ತಿ ಟ್ರೇನ್‌ಗೆ ಹೋಗಿದ್ನಿ, ಮಂದಿ ನೂಕಾಟಕ್ಕ ಎಲ್ಲಾ ಹುಡಿ ಆದ್ವು. ಎರಡ್ ದಿನ ನಮ್ಮ ಮನ್ಯಾಗ ಮೊಸರಾಗ ನೆನಸಿ ತಿಂದ್ವಿ. ಟ್ಯಾಕ್ಸಿ ರೊಕ್ಕ ನನಗ ಪರವಡಂಗಿಲ್ಲ. ನನಗ ಈ ಬಸ್ಸೇ ಬೇಕು, ಚೌಕಿಯಿಂದನೇ ಬೇಕು, ಯಾಕಂದ್ರ ಅಲ್ಲಿ ಕೂಡಾಕ ಜಾಗಾ ಸಿಗ್ತದ."

ಅಧಿಕಾರಿ ತಾಳ್ಮೆಯಿಂದ ಹೇಳಿದ: ಬಸ್ಸು ಪೂರ್ತಿ ನಿಲ್ಲುವುದಿಲ್ಲ, ಮುಂದೆ ಹೈವೇಯ ಮೇಲೆಯೂ ಕೆಲವು ಬಸ್ಸು ಬಿಡುವ ಯೋಚನೆ ಇದೆ, ಬೇಗ ಮುಟ್ಟಬಹುದು. ಅವಳು ನಕಾಶೆಯ ಹತ್ತಿರ ಹೋದಳು.

"ಇದು ಬೈಕುಲ್ಲಾ ಮ್ಯಾಲ ಹೋಗ್ತದೇನ್ರಿ?"

"ಹೌದು."

"ಅಲ್ಲಿ ಬಸ್ ನಿಲ್ತದೇನ್ರಿ?"

ಅವನು ನಕಾಶೆ ನೋಡಿದ. ನಡುವೆ ಎಲ್ಲೂ ನಿಲುಗಡೆ ಇಲ್ಲ, ಸೀದಾ ಫೋರ್ಟು.

"ಹಂಗಾದ್ರ ನಾ ರೊಟ್ಟಿ ಹಿಡ್ಕೊಂಡು, ಅದನ್ನ ಉಣ್ಣಾವ್ರ ತಲಿ ಮ್ಯಾಲಿಂದ ಹೋಗ್ಬೇಕು. ಮ್ಯಾಲಿಂದ ಒಗೀಲೇನ್ರಿ?"

ಹಾಲಿನಲ್ಲಿ ನಗು ಎದ್ದಿತು. ಹೈವೇ ಬೇಕೆಂದವರೂ ನಕ್ಕರು. ಅವಳು ನಗಲಿಲ್ಲ, ಉತ್ತರಕ್ಕೆ ಕಾದು ನಿಂತಳು. ನಾನು ಅವಳು ಆಡಿದ್ದನ್ನು ಆಡಿದ ಹಾಗೆಯೇ ಬರೆದೆ, ಒಂದು ಪದ ತಿದ್ದಲಿಲ್ಲ. ಅಧಿಕಾರಿ ಅದಕ್ಕೆ ಹೊಸ ಸಂಖ್ಯೆ ಹಾಕಿದ.

ಮೆಟ್ಟಿಲಿಳಿಯುವಾಗ ಅವಳು ಕೇಳಿದಳು, "ಅಂದ್ರ ನಂದೊಂದು ಆತು, ನಿಮ್ಮೆಲ್ಲಾರ್ದೂ ಕೂಡಿ ಒಂದಾತು. ಹೌದಿಲ್ರಿ ಅಕ್ಕಾರ?" ಹೌದು ಎಂದೆ. ಬುಟ್ಟಿಯನ್ನು ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿಕೊಂಡು, "ಮದ್ಲ ಬರ್ದಿದ್ರ ಎಲ್ಲಾರ್ದೂ ಒಂದೊಂದ್ ಆಗ್ತಿತ್ತು," ಎಂದಳು. ದೂರಿದ್ದಲ್ಲ, ಲೆಕ್ಕ ಹೇಳಿದ್ದು. ದೂರಿದ್ದರೆ ನನಗೆ ಸುಲಭವಾಗುತ್ತಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ನೀವು ಬರೆದದ್ದು ನೋಡಿದೆ."

"ಹ್ಞೂಂ," ಎಂದರು. "ಸೆಕ್ರೆಟರಿ ಬಾಗಿಲಿಗೆ ಬಂದಿದ್ದ. ಇಲ್ಲ ಹೇಳ್ಲಿಕ್ಕೆ ಆಗ್ಲಿಲ್ಲ."

"ಅವನು ಬರೆಯಿರಿ ಹೇಳಿದ್ದು. ಟ್ಯಾಕ್ಸಿ ವಿಷಯ ಅವನು ಹೇಳಿದ್ದಲ್ಲ. ನನ್ನ ಹತ್ತಿರ ಹೇಳಬಹುದಿತ್ತು."

"ನೀನು ಟೈಪ್ ಮಾಡ್ತಾ ಇದ್ದಿ," ಎಂದರು. ಗಂಜಿಗೆ ಅಕ್ಕಿ ಹಾಕಲು ಒಳಗೆ ಹೋದೆ.

ತೀರ್ಮಾನ ಇವತ್ತಿಗೂ ಬಂದಿಲ್ಲ. ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಆದರೆ ಮಣ್ಣು ಪರೀಕ್ಷೆಗೆ ತೀರ್ಮಾನ ಬೇಡವಂತೆ. ಎರಡು ತಿಂಗಳ ಹಿಂದೆ ಚೌಕಿಗೆ ತಗಡಿನ ಬೇಲಿ ಬಿತ್ತು, ಒಳಗೆ ಭೂಮಿ ಕೊರೆಯುವ ಯಂತ್ರ ಬಂತು. ಸ್ಟಾರ್ಟರು ಮೇಜು ಎತ್ತಿಕೊಂಡು ಹೋದ. ಬಸ್ಸು ತಾತ್ಕಾಲಿಕವಾಗಿ ಮೂರು ಸ್ಟಾಪು ಹಿಂದಿನಿಂದ ಹೊರಡುತ್ತದೆ. ತಾತ್ಕಾಲಿಕ ಎನ್ನುವ ಪದವನ್ನು ನಾನು ವೃತ್ತಿಯಲ್ಲಿ ಎಷ್ಟು ಸಲ ಹೊಡೆದಿದ್ದೇನೆಂದರೆ, ಅದರ ಅರ್ಥ ನನಗೆ ಯಾರೂ ಹೇಳಬೇಕಾಗಿಲ್ಲ. ಈಗ ಬಸ್ಸು ನಮ್ಮಲ್ಲಿಗೆ ಬರುವಾಗ ಒಂದು ಸೀಟೂ ಖಾಲಿ ಇರುವುದಿಲ್ಲ. ಹತ್ತುವವರೂ ಹೊಸಬರು, ಬುಟ್ಟಿಯ ರೂಢಿ ಅವರಿಗೆ ತಿಳಿಯದು.

ಮೊದಲ ದಿನ ರೊಟ್ಟಿಯವಳು ನಿಂತೇ ಹೋದಳು, ಬುಟ್ಟಿಯನ್ನು ತಲೆಯ ಮೇಲೆ ಎರಡೂ ಕೈಯಿಂದ ಹಿಡಿದು. ಬ್ರೇಕು ಬಿದ್ದಾಗ ಹಿಡಿದುಕೊಳ್ಳಲು ಕೈ ಇರಲಿಲ್ಲ. ಬೈಕುಲ್ಲಾದಲ್ಲಿ ಬಟ್ಟೆ ಸರಿಸಿ ನೋಡಿದಳು. ನಾನೂ ನೋಡಿದೆ. ಖಾನಾವಳಿಯವನು ಒಳ್ಳೆಯವನು, ಆದರೆ ಹೀಗೆ ಒಂದು ವಾರ ಬಂದರೆ ಬೇರೆ ಕಡೆ ನೋಡಬೇಕಾಗುತ್ತದೆ ಎಂದನಂತೆ.

ಮರುದಿನ ಆರೂವರೆಗೆ ಮನೆ ಬಿಟ್ಟೆ. ಮೂರು ಸ್ಟಾಪು ಹಿಂದಕ್ಕೆ ನಡೆದು, ಬಸ್ಸು ಹೊರಡುವಲ್ಲೇ ಹತ್ತಿ, ಮುಂದಿನ ಜೋಡಿ ಸೀಟಿನಲ್ಲಿ ಕೂತೆ. ಹಿರಿಯ ನಾಗರಿಕರಿಗೆ ಎಂದು ಮೇಲೆ ಬರೆದಿದೆ, ನನ್ನ ಹಕ್ಕು. ನಮ್ಮ ಸ್ಟಾಪಿನಲ್ಲಿ ಅವಳು ಹತ್ತಿದಾಗ ಎದ್ದುಕೊಟ್ಟೆ. ನನ್ನ ಸೀಟನ್ನು ಯಾರಿಗೆ ಬಿಡಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಆದರೆ ಪಕ್ಕದ ಸೀಟಿನ ಮನುಷ್ಯ ಏಳಲಿಲ್ಲ, ಅವನೇಕೆ ಏಳಬೇಕು. ಬುಟ್ಟಿಯನ್ನು ಅವಳು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡಳು. ಕೆಲವು ರೊಟ್ಟಿ ಮುರಿದವು. ಎರಡನೆಯ ದಿನವೂ ಹಾಗೆಯೇ.

ಮೂರನೆಯ ದಿನ ಬಾಗಿಲು ಎಳೆದುಕೊಳ್ಳುವಾಗ ನಮ್ಮವರು ಸ್ವೆಟರು ಹಾಕಿಕೊಂಡು ನಿಂತಿದ್ದರು.

"ಜೋಡಿ ಸೀಟಿಗೆ ಇಬ್ಬರು ಬೇಕಲ್ಲ," ಎಂದರು. "ನಾನು ಬರೆದದ್ದನ್ನು ವಾಪಸ್ ತೆಗೊಳ್ಳುದಿಲ್ಲ, ಮತ್ತೆ ಹೇಳಬೇಡ."

"ತೆಗೊಳ್ಳಬೇಡಿ. ನಿಧಾನ ನಡೆಯಿರಿ."

ಮೂರು ಸ್ಟಾಪು ನಡೆಯಲು ನಮಗೆ ಅರ್ಧ ಗಂಟೆ ಹಿಡಿಯಿತು. ನಮ್ಮ ಸ್ಟಾಪಿನಲ್ಲಿ ಇಬ್ಬರೂ ಎದ್ದೆವು. ಬುಟ್ಟಿ ಕಿಟಕಿಯ ಬದಿಗೆ ಕೂತಿತು, ಅವಳು ಈ ಬದಿಗೆ. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದೆ ನಡೆದರಾಯಿತೆಂದು ನಾವು ಕಂಬಿ ಹಿಡಿದು ನಿಂತೆವು. ಅಷ್ಟರಲ್ಲಿ ಬಸ್ಸು ನಿಂತುಬಿಟ್ಟಿತು. ಮುಂದೆ ಕಾರು, ಬದಿಗೆ ಕಾರು, ಒಂದೊಂದರಲ್ಲಿ ಒಬ್ಬೊಬ್ಬ. ಐದು ನಿಮಿಷ, ಹತ್ತು ನಿಮಿಷ. ಇವರ ಹಣೆಯಲ್ಲಿ ಬೆವರು ಕಂಡಿತು. ಸ್ವೆಟರಿನ ಬೆವರೋ, ಬೇರೆಯದೋ. ಇಲ್ಲಿಂದ ಆಸ್ಪತ್ರೆಗೆ ಎಷ್ಟು ದೂರ, ಇಳಿದು ನಡೆದರೆ ಎಷ್ಟು ಹೊತ್ತು, ಎತ್ತಿಕೊಂಡು ಹೋಗಲು ಯಾರಿದ್ದಾರೆ ಎಂದು ನನ್ನ ತಲೆ ಓಡತೊಡಗಿತು. ಬಾಯಿ ಮಾತ್ರ ಪರದೆ ಒಗೆಯಲು ಹಾಕಬೇಕು ಎಂದು ಏನೋ ಹೇಳುತ್ತಿತ್ತು.

"ಸಾಹೇಬ್ರ, ನೀವ್ ಕೂಡ್ರಿ," ಎಂದು ರೊಟ್ಟಿಯವಳು ಎದ್ದು ಇವರನ್ನು ಕೂರಿಸಿದಳು. ಇವರು ಕೂತು, ಬುಟ್ಟಿಗೆ ತಾಗದ ಹಾಗೆ ಮೈ ಮುದುಡಿಕೊಂಡು, ಬ್ರೇಕಿಗೆ ಜಾರದಿರಲೆಂದು ಅದರ ಅಂಚಿಗೆ ಅಂಗೈ ಕೊಟ್ಟರು. ಹೋಟೆಲಿನವರ ಕೈ, ಪಾತ್ರೆ ಹಿಡಿಯುವುದು ಗೊತ್ತು. ಸ್ವಲ್ಪ ಹೊತ್ತಿಗೆ ಉಸಿರು ಸಮವಾಯಿತು. ಕಿಟಕಿಯಾಚೆ ನೋಡುತ್ತ ಹೇಳಿದರು.

"ಬಸ್ಸಿಗೇ ಒಂದು ಬೇರೆ ದಾರಿ ಬಿಟ್ಟಿದ್ದರೆ ಇಷ್ಟು ಹೊತ್ತು ನಿಲ್ಲಬೇಕಾಗಿರ್ಲಿಲ್ಲ. ಆಂಬುಲೆನ್ಸೂ ಅದರಲ್ಲೇ ಹೋಗಬಹುದಿತ್ತು."

"ಅದು ನನ್ನ ಅರ್ಜಿಯ ಮೂರನೇ ಅಂಶ," ಎಂದೆ. "ಓದಿದ್ದರಲ್ಲವಾ ಗೊತ್ತಾಗುದು."

"ಓದಿದ್ದೇನೆ. ಮೇಜಿನ ಮೇಲೇ ಇತ್ತಲ್ಲ, ಎರಡು ಸಲ ಓದಿದ್ದೇನೆ." ಇವರು ಬುಟ್ಟಿಯಿಂದ ಕೈ ತೆಗೆಯಲಿಲ್ಲ. "ಅದರಲ್ಲಿ ನಾವು ಎಲ್ಲಿಯೂ ಇರ್ಲಿಲ್ಲ ಮಾರಾಯ್ತಿ."

ಬಸ್ಸು ಹೊರಟಿತು. ಮುಂದಿನ ಸ್ಟಾಪಿನಲ್ಲಿ ನಾವು ಇಳಿಯಲಿಲ್ಲ, ಬೈಕುಲ್ಲಾದವರೆಗೆ ಹೋದೆವು. ರೊಟ್ಟಿಯವಳು ಫುಟ್‌ಪಾತಿನಲ್ಲಿ ಬುಟ್ಟಿ ಇಳಿಸಿ, ಬಟ್ಟೆ ಸರಿಸಿ, ಮೇಲಿಂದ ಕೆಳಗಿನವರೆಗೆ ಅಂಚಿನಲ್ಲಿ ಬೆರಳಾಡಿಸಿ ನೋಡಿದಳು. ಒಂದೂ ಮುರಿದಿರಲಿಲ್ಲ.

ಅಂದು ಮಧ್ಯಾಹ್ನ ಮತ್ತೆ ಟೈಪ್‌ರೈಟರಿನ ಮುಂದೆ ಕೂತೆ. ಗಡುವು ಮುಗಿದಿದೆ, ತೆಗೆದುಕೊಳ್ಳುವರೋ ಇಲ್ಲವೋ ಗೊತ್ತಿಲ್ಲ. ಅಂಶಗಳನ್ನು ಹಾಕಲಿಲ್ಲ. ಹಿಂದಿನ ಮಳೆಗಾಲದಲ್ಲಿ ನನ್ನ ಗಂಡನಿಗೆ ಎದೆನೋವು ಬಂದಾಗ ನಾವು ಟ್ಯಾಕ್ಸಿಯಲ್ಲಿ ಸಿಕ್ಕಿಬಿದ್ದಿದ್ದೆವು, ನನಗೆ ಬಹಳ ಹೆದರಿಕೆಯಾಗಿತ್ತು ಎಂದು ಶುರು ಮಾಡಿದೆ. ಎರಡು ಕಡೆ ಅಕ್ಷರ ತಪ್ಪಿತು. ತಿದ್ದಲಿಲ್ಲ, ನಕಲೂ ತೆಗೆಯಲಿಲ್ಲ. ಪಕ್ಕದ ಕೋಣೆಯಿಂದ ಇವರು ನಾಳೆ ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಿದರು. ಆರೂಕಾಲಿಗೆ ಎಂದೆ. ನಿಮ್ಮ ಜತೆ ನಡೆಯಲು ಅಷ್ಟು ಹೊತ್ತು ಬೇಕಾಗುತ್ತದೆ ಎಂದೂ ಹೇಳಿದೆ.